ಸಿಂಹದ ಪಿಟೀಲು, ಗುಬ್ಬಿಯ ಕೈ

ಜನವರಿ ೧೨

ಅಮ್ಮಾ,

ಕೈಯಲ್ಲಿ ಉಳಿ ಇದ್ದರೆ ಮೊದಲು ಕೆಳಗಿಡು, ಆಮೇಲೆ ಓದು. ಸಿಂಹದ ಪಿಟೀಲನ್ನು ನನಗೆ ಕೊಟ್ಟಿದ್ದಾರೆ.

ಅದನ್ನು ಕಾಪಾಡುತ್ತಿರುವ ಟ್ರಸ್ಟಿನವರು ನಮ್ಮ ವಾದ್ಯವೃಂದದ ಪಿಟೀಲಿನವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು, ಅವರವರ ಪಿಟೀಲಿನಲ್ಲೇ ನುಡಿಸಲು ಹೇಳಿ ಕೇಳಿದರು. ಕೊನೆಗೆ ನನ್ನ ಹೆಸರು ಹೇಳಿದಾಗ ನಾನು ಎದ್ದು ನಿಲ್ಲಲೇ ಇಲ್ಲ, ಪಕ್ಕದಲ್ಲಿದ್ದವಳು ಚಿವುಟಿ ಎಬ್ಬಿಸಿದಳು. ಅದನ್ನು ನುಡಿಸುತ್ತಿದ್ದ ಆ ದೊಡ್ಡ ವಾದಕರು ತೀರಿಕೊಂಡ ಮೇಲೆ ಗಾಜಿನ ಪೆಟ್ಟಿಗೆ ಸೇರಿದ್ದ ಪಿಟೀಲನ್ನು ಮತ್ತೆ ವೇದಿಕೆಗೆ ತರುವವಳು ನಾನು. ಜೂನ್ ತಿಂಗಳ ದೊಡ್ಡ ಕಛೇರಿಯಲ್ಲಿ ವೃಂದದ ಮುಂದೆ ನಿಂತು ಒಬ್ಬಳೇ ನುಡಿಸುವವಳೂ ನಾನೇ. ಅದೊಂದು ಚೆನ್ನಾಗಿ ಆದರೆ ವೃಂದದ ಪಿಟೀಲಿನವರನ್ನೆಲ್ಲ ಮುನ್ನಡೆಸುವ ಮೊದಲ ಕುರ್ಚಿ ನನ್ನದೇ ಎಂದು ನಿರ್ದೇಶಕರು ಬಾಯಿಬಿಟ್ಟು ಹೇಳಿದ್ದಾರೆ.

ಇಲ್ಲಿ ಯಾರೂ ಅದನ್ನು ಪಿಟೀಲು ಅನ್ನುವುದಿಲ್ಲ. ಬೆಳಿಗ್ಗೆ ಸಿಕ್ಕರೆ, "ಸಿಂಹ ಚೆನ್ನಾಗಿದ್ಯಾ?" ಎಂದು ಕೇಳುತ್ತಾರೆ. ಕೂದಲು ಕೆದರಿಕೊಂಡು, ಸಭಾಂಗಣ ನಡುಗುವ ಹಾಗೆ ನುಡಿಸುತ್ತಿದ್ದರು ಎಂದು ಜನ ಅವರಿಗೆ ಇಟ್ಟ ಹೆಸರು ಅದು. ಅವರು ಹೋದ ಮೇಲೆ ಹೆಸರು ಪಿಟೀಲಿಗೆ ಬಂತು. ಗುಬ್ಬಿ ಸಿಂಹವನ್ನು ಹೊತ್ತುಕೊಂಡು ಓಡಾಡುತ್ತಿದೆ ಎಂದು ನಮ್ಮವರಿಗೆಲ್ಲ ತಮಾಷೆ. ಹೌದು, ನೀನಿಟ್ಟ ಹೆಸರು ಇಲ್ಲಿಯೂ ಹಬ್ಬಿದೆ. ಅಪ್ಪ ನನ್ನನ್ನು ಬಿಡಲು ಬಂದಾಗ ರೈಲ್ವೆ ಪ್ಲಾಟ್‌ಫಾರಮ್ಮಿನಲ್ಲಿ ಗುಬ್ಬೀ ಎಂದು ಕೂಗಿದ್ದೇ ಸಾಕಾಯಿತು.

ಸಿಂಹವನ್ನು ಮಾಡಿದ್ದು ನಿನಗೆ ಕೆಲಸ ಕಲಿಸಿದ ಮೇಸ್ತ್ರಿ ಎಂದು ನನಗೆ ಗೊತ್ತು. ಅದಕ್ಕೇ ಎಲ್ಲರಿಗಿಂತ ಮೊದಲು ನಿನಗೆ ಬರೆಯುತ್ತಿದ್ದೇನೆ. ನೀನು ನನಗಾಗಿ ಮಾಡಿದ ಪಿಟೀಲನ್ನು ಆ ಕಡೆ ಬರುವ ಗೆಳತಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಇಲ್ಲಿ ಸುಮ್ಮನೆ ಬಿದ್ದಿರುವುದಕ್ಕಿಂತ ನಿನ್ನ ಹತ್ತಿರ ಇದ್ದರೆ ಒಳ್ಳೆಯದಲ್ಲವೇ? ಬೇಜಾರು ಮಾಡಿಕೊಳ್ಳಬೇಡ.

ಇನ್ನೂ ನೆಲಕ್ಕಿಳಿಯದ
ಗುಬ್ಬಿ


ಜನವರಿ ೨೨

ಗುಬ್ಬೀ,

ಉಳಿ ಕೆಳಗಿಡಲಿಲ್ಲ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಹೆಬ್ಬೆರಳು ಕೊಯ್ದುಕೊಂಡೆ. ನಿಮ್ಮಪ್ಪ ಬಟ್ಟೆ ಕಟ್ಟಿ, ಕಾಗದ ಕಸಿದುಕೊಂಡು, ಗಡಿಯಾರ ರಿಪೇರಿಗೆ ಬಂದವರಿಗೆಲ್ಲ ಓದಿ ಹೇಳಿದರು. ನಮ್ಮ ಅಂಗಡಿಯ ಮುಂಭಾಗದಲ್ಲಿ ಗಡಿಯಾರ, ಹಿಂಭಾಗದಲ್ಲಿ ಪಿಟೀಲು. ನಡುವೆ ಇರುವುದು ಒಂದು ಪರದೆ. ಆ ಪರದೆಯ ಹಿಂದೆ ಕೂತು ಎಲ್ಲ ಕೇಳಿಸಿಕೊಂಡೆ. ನನ್ನ ಎದೆ ಎಷ್ಟು ಉಬ್ಬಿತೆಂದರೆ ಏಪ್ರನ್ನಿನ ದಾರ ಸಡಿಲ ಮಾಡಬೇಕಾಯಿತು.

ಆ ಪಿಟೀಲಿನ ಬೆನ್ನಿನ ಹಲಗೆ ಕೆತ್ತುವಾಗ ನಾನು ಮೇಸ್ತ್ರಿಯ ಪಕ್ಕದಲ್ಲೇ ಇದ್ದೆ. ಹಲಗೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟುವರು, ತಲೆ ಅಲ್ಲಾಡಿಸುವರು, ಇನ್ನೊಂದು ಚೂರು ತೆಗೆಯುವರು. ಮಧ್ಯೆ ಮಾತಾಡಿದರೆ ಬೈಗುಳ. ಅದಕ್ಕೆ ಬಣ್ಣ ಹಚ್ಚಿ ಒಣಗಲು ಹಾಕಿದ ದಿನ ಅವರು ನಮಗೆಲ್ಲ ರಜಾ ಕೊಟ್ಟು, ತಾವೊಬ್ಬರೇ ಅದರ ಮುಂದೆ ಕೂತಿದ್ದರು. ಈಗ ಅದರ ತಂತಿಯ ಮೇಲೆ ನನ್ನ ಮಗಳ ಬೆರಳು. ಅವರು ಇದ್ದಿದ್ದರೆ ಹೊಗಳುತ್ತಿರಲಿಲ್ಲ, ಆದರೆ ಮೂಗು ಸೀಟಿಕೊಳ್ಳುವ ನೆವದಲ್ಲಿ ಆಚೆ ಹೋಗುತ್ತಿದ್ದರು.

ಆದರೆ ನಿನ್ನ ಗೆಳತಿ ತಂದುಕೊಟ್ಟ ಟ್ರಸ್ಟಿನ ಪುಸ್ತಿಕೆ ಓದಿ ಮೈಯೆಲ್ಲ ಉರಿಯಿತು. ಆ ದೊಡ್ಡ ಮನುಷ್ಯರು ಯಾವ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು, ಅವರ ನಾಯಿ ಯಾರನ್ನು ಕಚ್ಚಿತ್ತು, ಎಲ್ಲ ಇದೆ. ಪಿಟೀಲು ಮಾಡಿದವರು ಯಾರು ಎಂದು ಒಂದು ಸಾಲಿಲ್ಲ. ಮಳೆ ಬಿದ್ದು ತಾನಾಗಿಯೇ ಮೊಳೆಯಿತೇನು? ಕಟ್ಟಿದವರನ್ನು ಬಿಟ್ಟು, ಬಾಡಿಗೆಗೆ ಇದ್ದು ಹೋದವರ ಹೆಸರನ್ನು ಯಾರಾದರೂ ಮನೆಗೆ ಇಡುತ್ತಾರೆಯೇ? ನಿಮ್ಮಪ್ಪ ಅವರ ಪರ. "ನೀನು ಎಷ್ಟೇ ಚೆನ್ನಾಗಿ ಮಾಡು, ನುಡಿಸೋರು ಇಲ್ದಿದ್ರೆ ಅದು ಮರದ ಡಬ್ಬ ಕಣೇ" ಅಂದರು. ಅವತ್ತು ಅವರಿಗೆ ಊಟ ತಡವಾಯಿತು.

ನಿನ್ನ ಪಿಟೀಲು ಬಂದು ಸೇರಿತು. ಗಾಜಿನ ಬೀರುವಿನಲ್ಲಿ ತೂಗುಹಾಕಿದ್ದೇನೆ. ಯಾರೋ ಬೆಲೆ ಕೇಳಿದರು, ಮಾರಾಟಕ್ಕಿಲ್ಲ ಅಂದೆ. ಬೇಜಾರು ಯಾಕೆ ಮಾಡಿಕೊಳ್ಳಲಿ, ನನಗೇನು ಬೇರೆ ಕೆಲಸ ಇಲ್ಲವೇ?

ಹೆಬ್ಬೆರಳಿಗೆ ಬಟ್ಟೆ ಕಟ್ಟಿಕೊಂಡ
ನಿನ್ನ ಅಮ್ಮ


ಮಾರ್ಚ್ ೩

ಅಮ್ಮಾ,

ಬರೆಯಲು ತಡವಾಯಿತು, ಬೈಯಬೇಡ. ಇಲ್ಲಿ ಎಲ್ಲ ಚೆನ್ನಾಗಿದೆ. ಸಭಾಂಗಣದ ಕುರ್ಚಿಗಳಿಗೆ ಹೊಸ ಬಟ್ಟೆ ಹಾಕಿಸುತ್ತಿದ್ದಾರೆ. ನನ್ನ ಕೋಣೆಯ ಕಿಟಕಿ ಕೊನೆಗೂ ಮುಚ್ಚುತ್ತಿದೆ. ಮೇಲಿನ ಮನೆಯ ಅಜ್ಜಿ ಸಿಂಹದ ಹೆಸರು ಕೇಳಿದ ಮೇಲೆ, ಸದ್ದು ಮಾಡಬೇಡಿ ಎಂದು ನೆಲ ಗುದ್ದುವುದನ್ನು ಬಿಟ್ಟಿದ್ದಾರೆ. ಹೆಸರಿನಿಂದ ಅಷ್ಟಾದರೂ ಉಪಕಾರವಾಯಿತು.

ಟ್ರಸ್ಟಿನ ಮೇಲ್ವಿಚಾರಕರು ವಾರಕ್ಕೊಮ್ಮೆ ಬಂದು ಪಿಟೀಲನ್ನು ನೋಡಿಕೊಂಡು ಹೋಗುತ್ತಾರೆ. ಒಳ್ಳೆಯ ಮನುಷ್ಯ, ಆದರೆ ನಿಯಮ ಎಂದರೆ ನಿಯಮ. ಒರೆಸುವ ಬಟ್ಟೆ ಅವರು ಕೊಟ್ಟದ್ದೇ ಆಗಬೇಕು. ಗದ್ದ ಊರುವ ಪಟ್ಟಿ, ಬಿರಡೆ, ತಂತಿ, ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ, ಯಾವುದನ್ನೂ ಮುಟ್ಟುವ ಹಾಗಿಲ್ಲ. ಆ ದೊಡ್ಡವರು ಕೊನೆಯ ಸಲ ಕೆಳಗಿಟ್ಟಾಗ ಹೇಗಿತ್ತೋ ಹಾಗೇ ಇರಬೇಕಂತೆ. ಅವರಿಗೆ ತಂತಿ ಎತ್ತರದಲ್ಲಿದ್ದರೇ ಇಷ್ಟ, ಗಟ್ಟಿಯಾಗಿ ಒತ್ತುತ್ತಿದ್ದರು. ಅವರ ಅಂಗೈ ನನ್ನ ಮುಖದಷ್ಟಿತ್ತು ಎಂದು ಇಲ್ಲಿಯವರು ಹೇಳುತ್ತಾರೆ.

ಅಪ್ಪನನ್ನು ಕೇಳಿದೆ ಎಂದು ಹೇಳು.

ನಿನ್ನ
ಗುಬ್ಬಿ


ಮಾರ್ಚ್ ೧೪

ಗುಬ್ಬೀ,

ಕಿಟಕಿ, ಕುರ್ಚಿ, ಅಜ್ಜಿ ಎಲ್ಲರ ಕ್ಷೇಮಸಮಾಚಾರ ತಿಳಿಯಿತು. ಅಭ್ಯಾಸ ಹೇಗೆ ನಡೆಯುತ್ತಿದೆ ಎಂದು ಒಂದಕ್ಷರ ಇಲ್ಲ. ಅಪ್ಪನಿಗೆ ಬೇರೆ ಕಾಗದ ಬರೆದು ನೋವಿನ ಮುಲಾಮು ತರಿಸಿಕೊಂಡೆಯಂತೆ, ಅಮ್ಮನಿಗೆ ಹೇಳಬೇಡಿ ಎಂದು ಕೆಳಗೆ ಗೆರೆ ಎಳೆದಿದ್ದೆಯಂತೆ. ನಿಮ್ಮಪ್ಪನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ಇಷ್ಟು ವರ್ಷವಾದರೂ ನಿನಗೆ ತಿಳಿಯಲಿಲ್ಲವೇ?

ಎಡಗೈ ತಾನೇ? ಕಿರುಬೆರಳೋ, ಮಣಿಕಟ್ಟೋ? ನನಗೆ ಸುಳ್ಳು ಹೇಳಬೇಡ.

ಈಗ ನಾನು ಹೇಳುವುದನ್ನು ಆ ಮೇಲ್ವಿಚಾರಕರಿಗೆ ಹೇಳು. ನಿಮ್ಮ ಸಿಂಹವನ್ನು, ಪಿಟೀಲನ್ನಲ್ಲ, ಆ ಮನುಷ್ಯರನ್ನೇ ನಾನು ಕಣ್ಣಾರೆ ನೋಡಿದ್ದೇನೆ. ಚಳಿ ಬಂದರೆ ಕುದುರೆ ಬದಲಾಯಿಸು, ಸೆಕೆ ಬಂದರೆ ಬದಲಾಯಿಸು, ಭುಜ ನೋಯುತ್ತಿದೆ ಬದಲಾಯಿಸು ಎಂದು ನಮ್ಮ ಮೇಸ್ತ್ರಿಯ ಪ್ರಾಣ ತಿಂದವರು ಅವರು. ಒಂದು ಸಲ ಮೇಸ್ತ್ರಿ ರೇಗಿ, "ನಿಮ್ಮ ಕೈನೇ ಬಿಚ್ಚಿ ಕೊಡಿ, ಅದನ್ನೇ ಸರಿ ಮಾಡ್ತೀನಿ" ಅಂದಿದ್ದರು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಅವರು ಬದುಕಿದ್ದಾಗ ಅದು ಪಿಟೀಲಾಗಿತ್ತು, ಕೈಗೆ ತಕ್ಕ ಹಾಗೆ ಬದಲಾಗುತ್ತಿತ್ತು. ಅವರ ಹೆಸರಿಟ್ಟ ಮೇಲೆ ಕಲ್ಲಾಗಿ ಕೂತಿದೆ. ಹೆಸರಿಡುವುದು ನನಗೆ ಹಿಡಿಸದಿರುವುದು ಇದಕ್ಕೇ.

ಕುದುರೆ ತಗ್ಗಿಸಿ ಎಂದು ನಾಳೆಯೇ ಕೇಳು. ಕೇಳುವುದಕ್ಕೆ ನಾಚಿಕೆ ಪಡಬೇಡ.

ಸಿಟ್ಟಿನಲ್ಲಿರುವ
ನಿನ್ನ ಅಮ್ಮ


ಏಪ್ರಿಲ್ ೨

ಅಮ್ಮಾ,

ಕೇಳಿದೆ. ಮೇಲ್ವಿಚಾರಕರು ನೀನು ಬರೆದದ್ದನ್ನೆಲ್ಲ ಕೇಳಿಸಿಕೊಂಡರು, ಮೇಸ್ತ್ರಿಯ ಮಾತಿಗೆ ನಕ್ಕರು ಕೂಡ. ಆಮೇಲೆ, "ನೋಡಮ್ಮಾ, ಜನ ಬರೋದು ಅವರ ಪಿಟೀಲು ಕೇಳೋಕೆ. ನಿಮ್ಮ ಕೈಗೆ ತಕ್ಕ ಹಾಗೆ ಮಾಡಿದ್ರೆ ಅದು ಅವರದ್ದು ಹೇಗಾಗುತ್ತೆ?" ಅಂದರು.

ಮಣಿಕಟ್ಟು, ಕಿರುಬೆರಳು ಎರಡೂ. ಬೆಳಿಗ್ಗೆ ಲೋಟ ಹಿಡಿಯಲು ಆಗುವುದಿಲ್ಲ. ಡಾಕ್ಟರು, ಇದೇ ಪಿಟೀಲನ್ನು ಹೀಗೇ ನುಡಿಸುತ್ತಾ ಹೋದರೆ ಕೈ ಪೂರ್ತಿ ಕೆಡುತ್ತದೆ ಎಂದರು. ಆದರೆ ಹಿಂದಕ್ಕೆ ಕೊಡುವುದು ಹೇಗೆ? ಊರಿನ ಗೋಡೆಗಳ ಮೇಲೆಲ್ಲ ನನ್ನ ಚಿತ್ರ, ಪಕ್ಕದಲ್ಲಿ ಅದರ ಹೆಸರು ದೊಡ್ಡ ಅಕ್ಷರದಲ್ಲಿ. ನನ್ನದಕ್ಕಿಂತ ದೊಡ್ಡದಾಗಿ. ಅದಿಲ್ಲದೆ ನಾನು ಯಾರು ಎಂದು ಕೇಳಿದರೆ ಏನು ಹೇಳಲಿ?

ಹೀಗೆಲ್ಲ ಬರೆಯಬಾರದೆಂದು ಕೂತಿದ್ದೆ. ಬರೆದುಬಿಟ್ಟೆ.

ಗುಬ್ಬಿ


ಏಪ್ರಿಲ್ ೨೧

ಅಮ್ಮಾ,

ಕೊನೆಗೆ ಡಾಕ್ಟರ ಮಾತು ಕೇಳಿ ಸಿಂಹವನ್ನು ಹಿಂದಕ್ಕೆ ಕೊಟ್ಟೆ. ನಿರ್ದೇಶಕರು ನನ್ನ ಕೈ ನೋಡಿ, "ನಂಗೆ ಪಿಟೀಲು ಬೇಕಾಗಿಲ್ಲ, ನುಡಿಸೋ ಕೈ ಬೇಕು" ಅಂದರು. ಕಛೇರಿ ನನ್ನದೇ.

ನನ್ನ ಪಿಟೀಲನ್ನು ಕಳಿಸು. ಕೇಳಲು ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ಗುಬ್ಬಿ


ಏಪ್ರಿಲ್ ೨೯

ಗುಬ್ಬೀ,

ಈ ಕಾಗದ ತರುತ್ತಿರುವ ನಿಮ್ಮಪ್ಪನ ಇನ್ನೊಂದು ಕೈಯಲ್ಲಿ ನಿನ್ನ ಪಿಟೀಲಿದೆ. ರೈಲಿನಲ್ಲಿ ಮಡಿಲಿನಿಂದ ಕೆಳಗಿಡಬಾರದು ಎಂದು ಆಣೆ ಹಾಕಿಸಿಕೊಂಡಿದ್ದೇನೆ.

ಹೊಸ ಕುದುರೆ ಕೂರಿಸಿದ್ದೇನೆ, ಮೊದಲಿನದಕ್ಕಿಂತ ಕೂದಲೆಳೆಯಷ್ಟು ತಗ್ಗು. ಬೆರಳು ಊರುವ ಪಟ್ಟಿಯನ್ನು ನಿನ್ನ ಕಿರುಬೆರಳಿನ ಕಡೆ ಸ್ವಲ್ಪ ಹೆರೆದಿದ್ದೇನೆ. ನಾದಕ್ಕಾಗಿ ಎರಡು ಹಲಗೆಗಳ ನಡುವೆ ನಿಲ್ಲಿಸುವ ಒಳಗಿನ ಕಡ್ಡಿಯನ್ನು ಸರಿಸಿದೆ, ಸರಿಸಿದೆ, ಮತ್ತೆ ಸರಿಸಿದೆ. ಪ್ರತಿ ಸಲವೂ ನಿಮ್ಮಪ್ಪ ಎದ್ದು ಅಂಗಡಿಯ ಗಡಿಯಾರಗಳ ಲೋಲಕಗಳನ್ನೆಲ್ಲ ನಿಲ್ಲಿಸಬೇಕಾಯಿತು. ಟಿಕ್ ಟಿಕ್ ನಡುವೆ ನನಗೆ ಶ್ರುತಿ ಹಿಡಿಯಲು ಬರುವುದಿಲ್ಲ ಎಂದು ಗೊತ್ತಲ್ಲ. ಕೊನೆಗೆ ಅವರೇ, "ಈಗ ಮಾತಾಡ್ತಾ ಇದೆ ನೋಡು" ಅಂದರು. ಆಮೇಲೆ ಎಲ್ಲ ಗಡಿಯಾರಕ್ಕೂ ಮತ್ತೆ ಸಮಯ ಹೊಂದಿಸುತ್ತಾ ಕೂತರು.

ನೀನು ಯಾರು ಎಂದು ಕೇಳಿದ್ದೆಯಲ್ಲ. ನೀನು ನನ್ನ ಮಗಳು. ಅದು ಸಾಲದಿದ್ದರೆ, ಎಲ್ಲರ ವಾದನವನ್ನೂ ಕೇಳಿದ ಮೇಲೆ ಅವರು ಆರಿಸಿಕೊಂಡವಳು. ಅವತ್ತು ನಿನ್ನ ಕೈಯಲ್ಲಿದ್ದದ್ದು ಯಾರ ಪಿಟೀಲು, ನೆನಪು ಮಾಡಿಕೋ.

ನಿನ್ನ ಅಮ್ಮ


ಜೂನ್ ೧೦

ಅಮ್ಮಾ,

ಜೊತೆಯಲ್ಲಿರುವ ಪತ್ರಿಕೆಯ ತುಂಡನ್ನು ಓದುವ ಮೊದಲು ನನ್ನ ಮಾತು ಕೇಳು.

ಕೈ ನೋಯಲಿಲ್ಲ. ಮೊದಲ ಸ್ವರಕ್ಕೇ ಗೊತ್ತಾಯಿತು, ಇವತ್ತು ನಾನು ಹೆದರಬೇಕಾಗಿಲ್ಲ ಎಂದು. ನಿಧಾನದ ಭಾಗದಲ್ಲಿ ಕಮಾನನ್ನು ಇನ್ನಿಲ್ಲದಷ್ಟು ಹಗುರ ಮಾಡಿದೆ. ಕೊನೆಯ ಸಾಲಿನಲ್ಲಿ ಕೂತವರಿಗೂ ಕೇಳಿಸಿತಂತೆ. ಮುಗಿದ ಮೇಲೆ ಜನ ಕೂರಲೇ ಇಲ್ಲ. ನಿರ್ದೇಶಕರು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ಮಾರನೆಯ ದಿನ ಪತ್ರಿಕೆಯ ವಿಮರ್ಶಕರು ಬರೆದದ್ದು ಇದು. ‘ಸಿಂಹ ಮತ್ತೆ ಗರ್ಜಿಸಿತು. ಬಂಗಾರದಂಥ ಈ ನಾದ ಬೇರೆ ಯಾವ ಪಿಟೀಲಿನಿಂದಲೂ ಹೊರಡಲಾರದು. ಮಹಾವಾದಕರ ಜೀವ ಆ ಮರದಲ್ಲಿ ಇನ್ನೂ ಉಸಿರಾಡುತ್ತಿದೆ.’ ಕಾರ್ಯಕ್ರಮದ ಹಾಳೆ ಮೊದಲೇ ಅಚ್ಚಾಗಿತ್ತು, ಅದರಲ್ಲಿ ಸಿಂಹ ಎಂದಿತ್ತು. ಯಾರೂ ತಿದ್ದಿರಲಿಲ್ಲ. ಅವರು ಅದನ್ನೇ ನಂಬಿ ಕೇಳಿದ್ದಾರೆ!

ಮೇಲ್ವಿಚಾರಕರು ಬಂದು, ಇದನ್ನು ಹೀಗೇ ಬಿಟ್ಟುಬಿಡೋಣ, ಎಲ್ಲರಿಗೂ ಒಳ್ಳೆಯ ಹೆಸರು ಬಂದಿದೆ ಎಂದರು. ಸುಮ್ಮನಿದ್ದರೆ ಮೊದಲ ಕುರ್ಚಿಗೆ, ವೃಂದಕ್ಕೆ ಹಣ ಕೊಡುವ ಟ್ರಸ್ಟಿನವರ ಅಡ್ಡಿಯೂ ಇರುವುದಿಲ್ಲವಂತೆ. ಎಲ್ಲರಿಗೂ ಎಂದರೆ ಯಾರಿಗೆ? ನಿನ್ನ ಕೆಲಸ, ನನ್ನ ಕೈ, ಎರಡನ್ನೂ ತೆಗೆದು ತೀರಿಹೋದವರ ಲೆಕ್ಕಕ್ಕೆ ಬರೆದಿದ್ದಾರೆ. ಏನು ಮಾಡಲಿ, ಹೇಳು.

ಕೊತಕೊತ ಕುದಿಯುತ್ತಿರುವ
ಗುಬ್ಬಿ


ಜೂನ್ ೧೮

ಗುಬ್ಬೀ,

ನೀನು ಹೇಳಿದ ಹಾಗೆ ಮಾಡಲಿಲ್ಲ. ಪತ್ರಿಕೆಯ ತುಂಡನ್ನೇ ಮೊದಲು ಓದಿದೆ. ಓದಿ, ಕೆಲಸದ ಮೇಜಿನ ಮುಂದೆ ಕೂತು ಅತ್ತೆ. ನಿಮ್ಮಪ್ಪ ಹೆದರಿ, ಯಾರು ಹೋದರು ಎಂದು ಕೇಳಿದರು.

ಹೊಗಳಿಕೆ ನನಗೆ ಹೊಸದಲ್ಲ. ಪಾಪ, ಹೆಂಗಸು ಕಷ್ಟಪಟ್ಟು ಮಾಡುತ್ತಾಳೆ ಎಂದು ಹೊಗಳಿದ್ದಾರೆ. ಮೇಸ್ತ್ರಿಯ ಶಿಷ್ಯೆಯಲ್ಲವೇ ಎಂದು ಹೊಗಳಿದ್ದಾರೆ. ನಿನ್ನ ತಾಯಿ ಎಂದೂ ಹೊಗಳಿದ್ದಾರೆ. ಈ ಮನುಷ್ಯನಿಗೆ ನಾನು ಹುಟ್ಟಿದ್ದೇ ಗೊತ್ತಿಲ್ಲ. ಬರೀ ಕಿವಿ ಕೊಟ್ಟು ಕೇಳಿ, ಇದು ಮೇಸ್ತ್ರಿಯ ಕೈಕೆಲಸಕ್ಕೆ ಸಮ ಅಂದುಬಿಟ್ಟ. ಇದಕ್ಕಿಂತ ಇನ್ನೇನು ಬೇಕು ನನಗೆ? ನನ್ನ ಪಾಲಿನದು ನನಗೆ ಪೂರ್ತಿ ಬಂತು.

ಅದಕ್ಕೇ ಹೇಳುತ್ತೇನೆ, ನನಗಾಗಿ ಜಗಳ ಆಡಬೇಡ. ಮೊದಲ ಕುರ್ಚಿ ಇನ್ನೂ ನಿನ್ನ ಕೈಗೆ ಬಂದಿಲ್ಲ. ಸುಮ್ಮನಿರು. ನಿಮ್ಮಪ್ಪನಿಗೂ ಸುಮ್ಮನಿರಿ ಎಂದು ಹೇಳಿದ್ದೇನೆ, ಆದರೆ ಈಗಾಗಲೇ ಬೀದಿಗೆಲ್ಲ ಗೊತ್ತು.

ಎದೆ ತುಂಬಿದ
ನಿನ್ನ ಅಮ್ಮ


ಜುಲೈ ೭

ಅಮ್ಮಾ,

ಸುಮ್ಮನಿರಲಿಲ್ಲ. ನಿನ್ನ ಮಗಳಿಂದ ಅದನ್ನು ನಿರೀಕ್ಷಿಸಿದ್ದು ನಿನ್ನದೇ ತಪ್ಪು.

ನಿನ್ನೆ ಎರಡನೆಯ ಕಛೇರಿ. ಪರಿಚಯ ಮಾಡಿಕೊಡುವವರು ಮತ್ತೆ, ಈಗ ಸಿಂಹದ ನಾದ ಎಂದು ಶುರು ಮಾಡಿದರು. ನಾನು ಪಿಟೀಲು ಹಿಡಿದುಕೊಂಡೇ ಮೈಕಿನ ಹತ್ತಿರ ಹೋದೆ. "ಇದು ಸಿಂಹ ಅಲ್ಲ. ಹೋದ ಸಲ ನೀವು ಕೇಳಿದ್ದೂ ಸಿಂಹ ಅಲ್ಲ. ಇದನ್ನ ಮಾಡಿದ್ದು ನಮ್ಮಮ್ಮ. ಸಿಂಹಾನ ಮಾಡಿದ್ದು ನಮ್ಮಮ್ಮನ ಗುರುಗಳು. ಇಬ್ಬರ ಹೆಸರೂ ಹೇಳ್ತೀನಿ, ದಯವಿಟ್ಟು ಕೇಳಿಸ್ಕೊಳ್ಳಿ" ಅಂದೆ. ನಿನ್ನ ಪೂರ್ತಿ ಹೆಸರು, ಮೇಸ್ತ್ರಿಗಳ ಪೂರ್ತಿ ಹೆಸರು, ಎರಡನ್ನೂ ಶಾಲೆಯಲ್ಲಿ ಹಾಜರಿ ಕೂಗುವ ಹಾಗೆ ನಿಧಾನವಾಗಿ ಹೇಳಿದೆ. ಆಮೇಲೆ ನುಡಿಸಿದೆ.

ಕಛೇರಿ ಮುಗಿದ ಕೂಡಲೇ ಗೊತ್ತಾಯಿತು, ಟ್ರಸ್ಟಿನವರು ಇನ್ನು ಯಾವ ಪಿಟೀಲನ್ನೂ ನನಗೆ ಕೊಡುವುದಿಲ್ಲವಂತೆ. ಮೊದಲ ಕುರ್ಚಿ ಈ ವರ್ಷ ಬೇರೆಯವರಿಗೆ ಹೋಯಿತು, ನನಗೆ ಅದರ ಪಕ್ಕದ್ದು. ನಿರ್ದೇಶಕರು ಬೇಸರದಿಂದಲೇ ಹೇಳಿದರು. ನನಗೆ ಬೇಸರವಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಈಗ ಕೆಟ್ಟ ಸುದ್ದಿ. ಅದೇ ವಿಮರ್ಶಕರು ಇವತ್ತು ಬರೆದಿದ್ದಾರೆ, ತುಂಡು ಇದರ ಜೊತೆಗಿದೆ. ತಪ್ಪಾಯಿತು ಎಂದು ದೊಡ್ಡ ಮನಸ್ಸಿನಿಂದಲೇ ಒಪ್ಪಿಕೊಂಡಿದ್ದಾರೆ. ಆದರೆ ವೃಂದದವರು ನನ್ನನ್ನು ಕರೆಯುವ ಹೆಸರು ಅವರ ಕಿವಿಗೂ ಬಿದ್ದಿದೆ, ತಲೆಬರಹ ನೋಡು: ‘ಸಿಂಹವಲ್ಲ, ಗುಬ್ಬಿ!’ ಒಳಗೆಲ್ಲ ಗುಬ್ಬಿ ಪಿಟೀಲು, ಗುಬ್ಬಿಯ ನಾದ ಎಂದೇ ಇದೆ. ನಿನ್ನ ವಿಷಯ ಒಂದೇ ಸಾಲು, ಮೇಸ್ತ್ರಿಗಳ ವಿಷಯ ಅದೂ ಇಲ್ಲ. ಬಾಡಿಗೆಯವರ ಹೆಸರನ್ನು ಮನೆಗೆ ಇಡಬಾರದು ಎಂದು ಹೇಳಲು ಹೋಗಿ, ನನ್ನ ಹೆಸರನ್ನೇ ಅದಕ್ಕೆ ಅಂಟಿಸಿಬಿಟ್ಟೆ. ನಾನು ಪತ್ರಿಕೆಗೆ ಬರೆದು ಆ ಹೆಸರನ್ನು ತೆಗೆಸುತ್ತೇನೆ. ಕ್ಷಮಿಸು.

ನಿನ್ನ
ಗುಬ್ಬಿ


ಜುಲೈ ೧೬

ಗುಬ್ಬೀ,

ನಿನ್ನ ಕಾಗದ ಬರುವ ಮೊದಲೇ ಪತ್ರಿಕೆ ಬಂತು. ಆಮೇಲೆ ಕಾಗದದಲ್ಲಿ ಆ ಕುರ್ಚಿಯ ವಿಷಯ ಓದಿ ಟ್ರಸ್ಟಿನವರನ್ನು ಮನಸಾರೆ ಬೈದೆ. ಅಷ್ಟು ಜನರ ಮುಂದೆ ನೀನು ನಮ್ಮ ಹೆಸರುಗಳನ್ನು ಕೂಗಿದ್ದನ್ನು ಓದಿ, ನಿಮ್ಮಪ್ಪ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ನಾನು ಏನೂ ಮಾಡಲಿಲ್ಲ. ಮೇಸ್ತ್ರಿಯ ಹಳೆಯ ಉಳಿಯನ್ನು ತೆಗೆದು ಸುಮ್ಮನೆ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ.

ಮೇಸ್ತ್ರಿಯ ವಿಷಯದಲ್ಲಿ ನನ್ನ ಜಗಳ ಮುಗಿದಿಲ್ಲ. ಟ್ರಸ್ಟಿಗೆ ಬರೆದಿದ್ದೇನೆ. ಪುಸ್ತಿಕೆಯಲ್ಲಿ ಅವರ ಹೆಸರು ಹಾಕುವ ತನಕ ತಿಂಗಳಿಗೊಂದು ಕಾಗದ ಹೋಗುತ್ತದೆ, ನಾನೇನು ಬೇಗ ಸಾಯುವವಳಲ್ಲ.

ಗುಬ್ಬಿಯ ವಿಷಯ ಬೇರೆ. ನಿನ್ನೆ ಅಂಗಡಿಗೆ ಒಬ್ಬ ಸಂಗೀತದ ಮೇಡಂ ಬಂದರು. ಗಡಿಯಾರಗಳನ್ನೆಲ್ಲ ದಾಟಿ, ಪರದೆ ಸರಿಸಿ ನೇರ ಒಳಗೆ ಬಂದು, "ಗುಬ್ಬಿ ಪಿಟೀಲು ಮಾಡೋರು ನೀವೇನಾ?" ಎಂದು ಕೇಳಿದರು. ಕಟ್ಟಿದವರು, ಬಾಡಿಗೆಯವರು ಎಂದು ನನ್ನ ಭಾಷಣ ನಾಲಿಗೆಯ ತುದಿಯಲ್ಲೇ ಇತ್ತು. ಪರದೆಯ ಆ ಕಡೆ ನಿಮ್ಮಪ್ಪ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ನನ್ನ ಬಾಯಿಂದ ಹೊರಟದ್ದು ಮಾತ್ರ, "ಹೌದು, ನಾನೇ" ಎಂದು. ಆ ಕಡೆಯಿಂದ ನಗು ಕೇಳಿಸಿತು. ನಗಲಿ.

ಪತ್ರಿಕೆಗೆ ಏನೂ ಬರೆಯಬೇಡ. ಅವರು ತಪ್ಪು ಬರೆದಿಲ್ಲ. ಆ ಪಿಟೀಲು ನಾನು ಮಾಡಿದ್ದು. ಗುಬ್ಬಿಯನ್ನು ಹೆತ್ತವಳು ನಾನು, ಅಂಗೈಯಗಲದ ಮಗುವನ್ನು ನೋಡಿ ಗುಬ್ಬಿ ಎಂದು ಕರೆದವಳೂ ನಾನು. ಆ ಹೆಸರನ್ನು ಅವರು ಎಲ್ಲಿ ಬೇಕಾದರೂ ಬರೆದುಕೊಳ್ಳಲಿ, ಅದು ನನ್ನ ಹೆಸರೇ.

ಗುಬ್ಬಿಯನ್ನೂ ಅದರ ಪಿಟೀಲನ್ನೂ ಮಾಡಿದವಳು,
ನಿನ್ನ ಅಮ್ಮ